ಬಿಟ್ಟ ಕಾಗದದ ಬೆಳಕು

(ಸಂಘದ ರಾಜ್ಯೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಚಿತ್ರಕಲೆಯನ್ನು ಕುರಿತು ನಾಲ್ಕು ಮಾತನಾಡಬೇಕೆಂದು ಕಾರ್ಯದರ್ಶಿಗಳಿಂದ ಅಪ್ಪಣೆಯಾದಾಗ ನಾವು ಮೊದಲು ಹಿಂಜರಿದೆವು. ನಾವು ಕಲಾವಿದರಲ್ಲ. ಭಾನುವಾರದ ಬೆಳಗ್ಗೆ ಕುಂಚ ಹಿಡಿದು ಒಳ್ಳೆಯ ಕಾಗದವನ್ನು ಕೆಡಿಸುವ ಹವ್ಯಾಸವೊಂದು ಮಾತ್ರ ಬಹುಕಾಲದಿಂದ ಉಂಟು. ಆದರೂ ಒಪ್ಪಿಕೊಂಡೆವು. ಏಕೆಂದರೆ ಈ ಸಭೆಯ ಎದುರಿನಲ್ಲಿ ನಾವು ಒಪ್ಪಿಕೊಳ್ಳಬೇಕಾದ ತಪ್ಪೊಂದು ಇದೆ.

ಕಳೆದ ವರ್ಷ ರಾಜ್ಯೋತ್ಸವದ ಅಂಗವಾಗಿ ನಮ್ಮ ಸಂಘದಲ್ಲಿ ಮಕ್ಕಳ ಚಿತ್ರಸ್ಪರ್ಧೆ ನಡೆದುದು ತಮಗೆ ನೆನಪಿರಬಹುದು. ವಿಷಯ ‘ನಮ್ಮ ಊರು’. ತೀರ್ಪುಗಾರರು ಮೂವರು, ಅವರಲ್ಲಿ ನಾವೂ ಸೇರಿದ್ದೆವು. ಹತ್ತು ವರ್ಷದ ಹುಡುಗಿಯೊಬ್ಬಳು ಜಲವರ್ಣದಲ್ಲಿ ಒಂದು ಕೆರೆ, ಅದರ ಆಚೆಗೆ ಗುಡ್ಡದ ಸಾಲು, ಕವಿಯುತ್ತಿರುವ ಸಂಜೆ, ಇಷ್ಟನ್ನು ಬರೆದಿದ್ದಳು. ಗುಡ್ಡದ ಬುಡದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗಕ್ಕೆ ಬಣ್ಣವನ್ನೇ ಹಚ್ಚಿರಲಿಲ್ಲ. ಕೆರೆಯ ನೀರಿನಲ್ಲಿಯೂ ಅದರ ನೇರಕ್ಕೆ ಒಂದು ಬಿಳಿಯ ಪಟ್ಟೆ ಹಾಗೆಯೇ ಉಳಿದಿತ್ತು. ಹೊತ್ತು ಸಾಲದೆ ಹೋಗಿರಬೇಕೆಂದು ನಾವು ಭಾವಿಸಿದೆವು. ಚೀಟಿಯ ಮೇಲೆ ‘ಅಪೂರ್ಣ’ ಎಂದು ಬರೆದು, ಸೂರ್ಯ, ತೆಂಗಿನ ಮರ, ಬಾವುಟ, ದೇವಸ್ಥಾನ ಎಲ್ಲವನ್ನೂ ಅಂಚಿನಿಂದ ಅಂಚಿಗೆ ತುಂಬಿದ್ದ ಬೇರೊಂದು ಚಿತ್ರಕ್ಕೆ ಬಹುಮಾನ ಕೊಟ್ಟೆವು.

ಚಿತ್ರವನ್ನು ಹಿಂದಕ್ಕೆ ಪಡೆಯಲು ಬಂದ ಹುಡುಗಿ ಚೀಟಿಯನ್ನು ಓದಿ, “ಅದು ಅಜ್ಜನ ಮನೆ. ದಸರೆಗೆ ಸುಣ್ಣ ಬಳಿದಿದ್ದಾರೆ. ಅದಕ್ಕೇ ಬಣ್ಣ ಹಚ್ಚಲಿಲ್ಲ” ಎಂದಳು. ನಾವು ನಕ್ಕು ಅವಳ ಬೆನ್ನು ತಟ್ಟಿ ಕಳುಹಿಸಿದೆವು. ಆಮೇಲೆ ಕೆಲವು ತಿಂಗಳ ಮೇಲೆ ಒಂದು ಹಳೆಯ ಚಿತ್ರದ ಪ್ರತಿಯನ್ನು ನೋಡುತ್ತ ಕುಳಿತಿದ್ದಾಗ ಆ ಮಾತು ನೆನಪಾಯಿತು. ಅಂದಿನಿಂದ ಆ ನಗು ನಮಗೆ ಮುಳ್ಳಾಗಿದೆ. ಆ ಹಳೆಯ ಚಿತ್ರವನ್ನೇ ಇಂದು ತಮ್ಮೊಡನೆ ಕೂತು ನೋಡಬೇಕೆಂದು ನಮ್ಮ ಆಸೆ. ಅದರ ದೊಡ್ಡ ಪ್ರತಿಯೊಂದನ್ನು ವೇದಿಕೆಯ ಮೇಲೆ ಇರಿಸಿದ್ದೇವೆ. ಹಿಂದಿನ ಸಾಲಿನವರಿಗೆ ಕಾಣದಿದ್ದರೆ ನಮ್ಮ ಮಾತಿನಿಂದಲೇ ಕಲ್ಪಿಸಿಕೊಳ್ಳಬೇಕೆಂದು ಬಿನ್ನಹ.

ಚಿತ್ರಕ್ಕೆ ಹೋಗುವ ಮುನ್ನ ಜಲವರ್ಣವೆಂದರೇನು ಎಂಬುದನ್ನು ಎರಡು ಮಾತಿನಲ್ಲಿ ತಿಳಿಯೋಣ. ಅರೆದ ಬಣ್ಣದ ಪುಡಿ, ಅದನ್ನು ಹಿಡಿದಿಡಲು ಗೋಂದು, ಕರಗಿಸಲು ನೀರು: ಇಷ್ಟೆ ಇದರ ಸಾಮಗ್ರಿ. ಆ ಗೋಂದು ನಮ್ಮ ಹೊಲದ ಬದುವಿನ ಜಾಲಿಯ ದಾಯಾದಿಯಾದ ಒಂದು ಮರದ ಅಂಟು. ನಮ್ಮ ಹಳೆಯ ಚಿತ್ರಕಾರರೂ ನೀರಿನಲ್ಲಿ ಕಲಸಿದ ಬಣ್ಣಗಳನ್ನೇ ಬಳಸುತ್ತಿದ್ದರು. ಆದರೆ ಅವು ಗಟ್ಟಿ ಬಣ್ಣಗಳು, ಕೆಳಗಿರುವುದನ್ನು ಮುಚ್ಚುವಂಥವು. ಅಲ್ಲಿ ಬಿಳಿ ಬೇಕಾದರೆ ಬಿಳಿಯ ಬಣ್ಣವನ್ನು ಹಚ್ಚುತ್ತಾರೆ. ನಮ್ಮ ಮನೆಗಳ ದೇವರ ಗೂಡಿನಲ್ಲಿರುವ ಮೈಸೂರು ಶೈಲಿಯ ಪಟಗಳಲ್ಲಿ ಬೆಳಕು ಬೇಕಾದ ಕಡೆ ಉಬ್ಬು ಕೆಲಸ ಮಾಡಿ ಅದರ ಮೇಲೆ ಚಿನ್ನದ ರೇಕನ್ನು ಅಂಟಿಸುತ್ತಾರೆ. ಅಂದರೆ ಅಲ್ಲಿ ಬೆಳಕು ಕಡೆಗೆ ಬಂದು ಕೂರುವ ಅತಿಥಿ.

ಪಾರದರ್ಶಕ ಜಲವರ್ಣದ ನಡೆ ಇದಕ್ಕೆ ಪೂರ್ತಿ ವಿರುದ್ಧ. ಇಲ್ಲಿ ಬಣ್ಣ ತೆಳುವಾದ ಗಾಜಿನಂತೆ. ಬೆಳಕು ಅದರ ಮೂಲಕ ಇಳಿದು ಕೆಳಗಿನ ಕಾಗದವನ್ನು ಮುಟ್ಟಿ ಹಿಂದಿರುಗಿ ನಮ್ಮ ಕಣ್ಣಿಗೆ ಬರುತ್ತದೆ. ಒಂದರ ಮೇಲೊಂದು ಪದರ ಹೆಚ್ಚಿದಷ್ಟೂ ಹಿಂದಿರುಗುವ ಬೆಳಕು ಕಡಮೆಯಾಗುತ್ತದೆ. ಕಡೆಗೆ ಚಿತ್ರವೆಲ್ಲ ಕೆಸರಾಗುತ್ತದೆ. ಇರುವ ಬಿಳಿಯೊಂದೇ, ಅದು ಕಾಗದದ ಬಿಳಿ. ಒಮ್ಮೆ ಮುಚ್ಚಿದರೆ ಅದನ್ನು ಮೊದಲಿನಂತೆ ಮರಳಿ ಪಡೆಯುವಂತಿಲ್ಲ. ಒದ್ದೆ ಕುಂಚದಿಂದ ಒರಸಬಹುದು, ಚೂರಿಯಿಂದ ಕೆರೆಯಬಹುದು. ಆದರೆ ಹಾಗೆ ಪಡೆದ ಬಿಳಿ ಒಗೆದ ಬಟ್ಟೆಯೇ ಹೊರತು ಹೊಸ ಬಟ್ಟೆಯಲ್ಲ. ಆದ್ದರಿಂದ ಜಲವರ್ಣದವನು ಮೊದಲ ಗೀಟು ಎಳೆಯುವ ಮುನ್ನವೇ ಒಂದು ಪ್ರಶ್ನೆಗೆ ಉತ್ತರ ಹೇಳಿಕೊಳ್ಳಬೇಕು: ಯಾವುದನ್ನು ಮುಟ್ಟದೆ ಉಳಿಸಬೇಕು?

ಈ ಮಾಧ್ಯಮ ಎಷ್ಟು ಕಠಿನವೆಂಬುದಕ್ಕೆ ನಮಗೆ ಗೊತ್ತಿರುವ ನಿದರ್ಶನವನ್ನೇ ಕೊಡುತ್ತೇವೆ. ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿ ಸೀರೆಯುಟ್ಟ ಹೆಣ್ಣೊಬ್ಬಳು ದೀಪ ಹಿಡಿದು, ಇನ್ನೊಂದು ಕೈಯನ್ನು ಅಡ್ಡ ಮಾಡಿ ನಿಂತ ಚಿತ್ರವನ್ನು ತಮ್ಮಲ್ಲಿ ಅನೇಕರು ಕಂಡಿದ್ದೀರಿ. ಬೆರಳುಗಳ ಸಂದಿನಲ್ಲಿ ಬೆಳಕು ಕೆಂಪಾಗಿ ಹೊಳೆಯುತ್ತದೆ. ಹಲವರು ಅದನ್ನು ರವಿವರ್ಮನ ಚಿತ್ರವೆಂದು, ತೈಲಚಿತ್ರವೆಂದು ನಂಬಿದ್ದಾರೆ. ಎರಡೂ ತಪ್ಪು. ರವಿವರ್ಮ ತೀರಿಕೊಂಡುದು 1906ರಲ್ಲಿ. ಈ ಚಿತ್ರ 1940ರ ದಶಕದ್ದು. ಸಾವಂತವಾಡಿಯಲ್ಲಿ ಹುಟ್ಟಿ ನಮ್ಮ ಈ ಮುಂಬಯಿಯಲ್ಲಿ ಬಾಳಿದ ಎಸ್. ಎಲ್. ಹಳದಣಕರರ ಕೈಕೆಲಸ, ಮತ್ತು ಅದು ಜಲವರ್ಣ. ಅವರ ಮಗಳೇ ದೀಪ ಹಿಡಿದು ನಿಂತಿದ್ದಳು. ಮುಂಬಯಿಯಿಂದ ಹೊರಟ ಬೆಳಕು ಮೈಸೂರಿನಲ್ಲಿ ಮನೆ ಮಾಡಿಕೊಂಡಿತು; ಮೈಸೂರಿನಿಂದ ಹೊರಟ ನಾವು ಮುಂಬಯಿಯಲ್ಲಿ ಮನೆ ಮಾಡಿಕೊಂಡೆವು. ಲೆಕ್ಕ ಸಮವಾಯಿತು ಎನ್ನೋಣ.

ಈಗ ನಾವು ನೋಡಬೇಕಾದ ಚಿತ್ರ. ಇದು ನಮ್ಮ ದೇಶದ್ದಲ್ಲ. 1800ರಲ್ಲಿ ಥಾಮಸ್ ಗರ್ಟಿನ್ ಎಂಬ ಇಂಗ್ಲಿಷ್ ಯುವಕ ಬರೆದುದು. ಹೆಸರು ‘ಚೆಲ್ಸಿಯ ಬಿಳಿಯ ಮನೆ’. ಲಂಡನ್ನಿನ ಟೇಟ್ ಸಂಗ್ರಹದಲ್ಲಿದೆ. ಅಳತೆ ಬಹಳ ದೊಡ್ಡದಲ್ಲ. ಸುಮಾರು ಒಂದು ಅಡಿ ಎತ್ತರ, ಇಪ್ಪತ್ತು ಅಂಗುಲ ಅಗಲ.

ಗರ್ಟಿನ್ ಹುಟ್ಟಿದ್ದು 1775ರಲ್ಲಿ. ಆಂಗ್ಲ ಚಿತ್ರಕಾರರಲ್ಲಿ ಅಗ್ರಗಣ್ಯನಾದ ಟರ್ನರ್ ಹುಟ್ಟಿದ್ದೂ ಅದೇ ವರ್ಷ. ಇಬ್ಬರೂ ತರುಣರಾಗಿದ್ದ ಕಾಲದಲ್ಲಿ ಡಾಕ್ಟರ್ ಮನ್ರೊ ಎಂಬ ಕಲಾಪ್ರೇಮಿ ವೈದ್ಯರ ಮನೆಯಲ್ಲಿ ಸಂಜೆಯ ಹೊತ್ತು ಚಿತ್ರಗಳ ನಕಲು ಮಾಡುತ್ತಿದ್ದರು. ಗರ್ಟಿನ್ ರೇಖೆ ಎಳೆಯುವನು, ಟರ್ನರ್ ಬಣ್ಣ ತುಂಬುವನು. ಕೂಲಿ ಕೆಲವು ಶಿಲಿಂಗು, ಜೊತೆಗೆ ರಾತ್ರಿಯ ಊಟ. ಟರ್ನರ್ ಎಪ್ಪತ್ತಾರು ವರ್ಷ ಬದುಕಿದ. ಗರ್ಟಿನ್ 1802ರಲ್ಲಿ, ಇಪ್ಪತ್ತೇಳನೆಯ ವಯಸ್ಸಿನಲ್ಲಿ ತೀರಿಕೊಂಡ. ಒಂದು ಹಳೆಯ ಕಥೆ ಉಂಟು. ಚಿತ್ರ ವ್ಯಾಪಾರಿಯೊಬ್ಬ ಟರ್ನರನ ಮನೆಗೆ ಬಂದು ಅವನ ಚಿತ್ರಗಳನ್ನೆಲ್ಲ ನೋಡಿ, ಇವೆಲ್ಲಕ್ಕಿಂತ ಉತ್ತಮವಾದ ಚಿತ್ರವೊಂದು ಹೊರಗೆ ತನ್ನ ಬಾಡಿಗೆ ಗಾಡಿಯಲ್ಲಿದೆ ಎಂದನಂತೆ. ಟರ್ನರ್ ಮೊದಲು ಕೆರಳಿದ. ಮರುಕ್ಷಣವೇ, ಹಾಗಾದರೆ ಅದು ಗರ್ಟಿನ್ನನ ಬಿಳಿಯ ಮನೆಯೇ ಇರಬೇಕು ಎಂದನಂತೆ. ಕಥೆಯ ಸತ್ಯಾಸತ್ಯ ಹೇಗೇ ಇರಲಿ, ಚಿತ್ರವನ್ನು ನೋಡಿದವರಿಗೆ ಅದು ನಂಬುವಂಥ ಕಥೆಯೇ.

ಚಿತ್ರದಲ್ಲಿ ಏನಿದೆ? ಹೇಳಿದರೆ ನಿರಾಶೆಯಾಗುವಷ್ಟು ಕಡಮೆ. ಥೇಮ್ಸ್ ನದಿಯ ವಿಸ್ತಾರವಾದ ನೀರು. ಅದರ ಆಚೆಗೆ ತಗ್ಗಾದ ದಡ. ದಡದ ಮೇಲೆ ಎಡದಿಂದ ಬಲಕ್ಕೆ ಒಂದು ಗಾಳಿಗಿರಣಿ, ಒಂದು ಬಿಳಿಯ ಮನೆ, ದೂರದಲ್ಲಿ ಬ್ಯಾಟರ್ಸಿಯ ಸೇತುವೆ, ಚೆಲ್ಸಿಯ ಹಳೆಯ ಇಗರ್ಜಿ. ನೀರಿನ ಮೇಲೆ ದೋಣಿ. ಮೇಲೆ ಮುಸ್ಸಂಜೆಯ ಆಕಾಶ. ಇಷ್ಟೆ. ಮೆರವಣಿಗೆಯಿಲ್ಲ, ಯುದ್ಧವಿಲ್ಲ, ಪುರಾಣ ಕಥೆಯಿಲ್ಲ. ಆದರೂ ಕಣ್ಣು ಎಲ್ಲಿ ಹೋದರೂ ತಿರುಗಿ ಆ ಮನೆಗೆ ಬರುತ್ತದೆ. ಆ ಮನೆ ಬಣ್ಣವಿಲ್ಲದೆ ಬಿಟ್ಟ ಕಾಗದ. ಬಣ್ಣವಿದ್ದ ಕಡೆಯಲ್ಲೆಲ್ಲ ಸಂಜೆ, ಬಣ್ಣವಿಲ್ಲದ ಕಡೆ ಮನೆ.

ಇದನ್ನು ಹೇಗೆ ಸಾಧಿಸಿದ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಆ ಕಾಲದ ಇಂಗ್ಲಿಷ್ ಜಲವರ್ಣಕಾರರು ಮೊದಲು ಗೆರೆ ಎಳೆದು, ಬೂದು ಬಣ್ಣದಲ್ಲಿ ನೆರಳನ್ನೆಲ್ಲ ಹಾಕಿ, ಮೇಲೆ ತೆಳುವಾಗಿ ಬಣ್ಣ ಬಳಿಯುತ್ತಿದ್ದರು. ಅದು ಬಣ್ಣ ಹಚ್ಚಿದ ನಕ್ಷೆ. ಒಳಗೆಲ್ಲ ಬೂದಿಯ ತಣ್ಪು. ಗರ್ಟಿನ್ ಆ ಬೂದಿಯನ್ನು ಕೈಬಿಟ್ಟು ಮೊದಲಿನಿಂದಲೇ ಬಣ್ಣದಲ್ಲಿ ಯೋಚಿಸಿದ. ನೆರಳೂ ಬಣ್ಣವೇ, ಬೆಳಕೂ ಬಣ್ಣವೇ. ಜಲವರ್ಣ ನಕ್ಷೆಯ ಊಳಿಗದಿಂದ ಬಿಡುಗಡೆ ಹೊಂದಿದುದು ಅವನಂಥವರ ಕೈಯಲ್ಲಿ. ಅವನು ತೀರಿಕೊಂಡ ಎರಡು ವರ್ಷಕ್ಕೆ, 1804ರಲ್ಲಿ, ಲಂಡನ್ನಿನಲ್ಲಿ ಜಲವರ್ಣಕಾರರು ತಮ್ಮದೇ ಸಂಘವನ್ನು ಕಟ್ಟಿದರು.

ಆಕಾಶವನ್ನು ನೋಡಿ. ಇಷ್ಟು ಅಗಲದ ಆಕಾಶವನ್ನು ಬರೆಯಬೇಕಾದರೆ ಹಲಗೆಯನ್ನು ಕೊಂಚ ಓರೆಯಾಗಿರಿಸಿ, ಕುಂಚದ ತುಂಬ ಬಣ್ಣ ತೆಗೆದುಕೊಂಡು ಮೇಲಿನಿಂದ ಅಡ್ಡಲಾಗಿ ಎಳೆಯಬೇಕು. ಎಳೆದ ಪಟ್ಟೆಯ ಕೆಳ ಅಂಚಿನಲ್ಲಿ ಬಣ್ಣದ ನೀರು ಹನಿಗಟ್ಟಿ ನಿಲ್ಲುತ್ತದೆ. ಅದು ಒಣಗುವ ಮುನ್ನ ಮುಂದಿನ ಪಟ್ಟೆ ಅದನ್ನು ಕೆಳಕ್ಕೆ ಎಳೆದುಕೊಳ್ಳಬೇಕು. ಬರಬರುತ್ತ ನೀರು ಬೆರೆಸಿದರೆ ಬಣ್ಣ ತಾನಾಗಿ ತಿಳಿಯಾಗುತ್ತ ದಿಗಂತವನ್ನು ಮುಟ್ಟುತ್ತದೆ. ನಡುವೆ ಯಾರೋ ಬಾಗಿಲು ತಟ್ಟಿದರೆಂದು ಎದ್ದು ಹೋದಿರೋ, ಬಂದು ನೋಡುವಷ್ಟರಲ್ಲಿ ಆಕಾಶದ ಮಧ್ಯೆ ಗಡುಸಾದ ಗೀಟೊಂದು ಒಣಗಿ ನಿಂತಿರುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಇದಕ್ಕೆ ವಿರುದ್ಧವಾದ ಸಂಕಟ: ಗಂಟೆ ಕಳೆದರೂ ಕಾಗದ ಒಣಗುವುದಿಲ್ಲ, ಗುಡ್ಡವೆಲ್ಲ ಆಕಾಶಕ್ಕೆ ಹರಿದು ಹೋಗುತ್ತದೆ. ಎರಡನ್ನೂ ನಾವು ಧಾರಾಳವಾಗಿ ಅನುಭವಿಸಿದ್ದೇವೆ. ಜಲವರ್ಣದ ಅರ್ಧ ಕೌಶಲ ಕೈಯದು, ಇನ್ನರ್ಧ ನೀರಿನ ಹೊತ್ತನ್ನು ತಿಳಿಯುವುದು. ಒದ್ದೆಯಿರುವಾಗ ಮುಟ್ಟಿದರೆ ಅಂಚು ಮೆದುವಾಗುತ್ತದೆ, ಮೋಡಕ್ಕೆ ಸರಿ; ಒಣಗಿದ ಮೇಲೆ ಮುಟ್ಟಿದರೆ ಅಂಚು ಖಚಿತವಾಗುತ್ತದೆ, ಮನೆಗೆ ಸರಿ. ಈ ಚಿತ್ರದಲ್ಲಿ ಸುತ್ತಲಿನದೆಲ್ಲ ಮೆದು. ಮನೆಯ ಅಂಚು ಮಾತ್ರ ಖಚಿತ. ಕಣ್ಣು ಅಲ್ಲಿಗೇ ಹೋಗುವುದಕ್ಕೆ ಇದೂ ಒಂದು ಕಾರಣ.

ಇನ್ನು ರಚನೆ. ಒಂದು ಪರೀಕ್ಷೆ ಮಾಡೋಣ. ಮುಂದಿನ ಸಾಲಿನಲ್ಲಿ ಕುಳಿತವರು ಒಂದು ಕಣ್ಣನ್ನು ಮುಚ್ಚಿ, ಕೈ ಚಾಚಿ, ಹೆಬ್ಬೆರಳಿನಿಂದ ಆ ಬಿಳಿಯ ಮನೆಯನ್ನು ಮರೆಮಾಡಿ. ಏನಾಯಿತು? ನದಿ ಇದೆ, ದಡ ಇದೆ, ಆಕಾಶ ಇದೆ. ಆದರೆ ಚಿತ್ರ ಇಲ್ಲ. ದೀಪ ಆರಿದ ಕೋಣೆಯಂತಾಯಿತು. ಬೆರಳನ್ನು ತೆಗೆಯಿರಿ, ಮತ್ತೆ ಹೊತ್ತಿಕೊಂಡಿತು. ಅಷ್ಟು ದೊಡ್ಡ ಕಾಗದದಲ್ಲಿ ಅಷ್ಟು ಚಿಕ್ಕ ಜಾಗಕ್ಕೆ ಇಷ್ಟು ಬಲ ಎಲ್ಲಿಂದ ಬಂತು? ಆ ಬಿಳಿ ಬೇರೆ ಯಾವುದೋ ವಿಶೇಷ ಬಿಳಿಯಲ್ಲ, ಅದೇ ಕಾಗದದ್ದು. ಸುತ್ತಲಿನ ದಡವನ್ನೂ ನೀರನ್ನೂ ಅವನು ಒಂದೊಂದು ಮೆಟ್ಟಿಲು ಇಳಿಸಿದ್ದಾನೆ. ಇದು ಏರಿ ನಿಂತಂತೆ ಕಾಣುತ್ತದೆ.

ಮನೆಯನ್ನು ನಟ್ಟನಡುವೆ ಇಡಲಿಲ್ಲ ಎಂಬುದನ್ನೂ ಗಮನಿಸಿ. ನಡುವೆ ಇಟ್ಟಿದ್ದರೆ ಮಂಟಪದಲ್ಲಿ ಕೂರಿಸಿದ ಮೂರ್ತಿಯಾಗುತ್ತಿತ್ತು. ಸ್ವಲ್ಪ ಆಚೆಗೆ ಇಟ್ಟುದರಿಂದ, ದಾರಿಯಲ್ಲಿ ಹೋಗುತ್ತಿದ್ದವನಿಗೆ ಅದು ತಾನಾಗಿ ಕಣ್ಣಿಗೆ ಬಿದ್ದಂತಿದೆ. ಚಿತ್ರದ ಮುಖ್ಯ ಗೆರೆಗಳೆಲ್ಲ ಮಲಗಿದವು: ನೀರು, ದಡ, ದೂರದ ಸೇತುವೆ. ಸಂಜೆಯ ವಿಶ್ರಾಂತಿಯೆಲ್ಲ ಅವುಗಳಿಂದಲೇ. ಅವುಗಳ ನಡುವೆ ನಿಂತ ಗೆರೆಗಳು ಕೆಲವೇ: ಗಾಳಿಗಿರಣಿ, ಇಗರ್ಜಿಯ ಗೋಪುರ, ಮತ್ತು ನೀರಿನಲ್ಲಿ ಇಳಿದ ಮನೆಯ ಪ್ರತಿಬಿಂಬ. ಈ ಮೂರನೆಯದೇ ಚಿತ್ರದ ಜೀವ. ನೀರು ಕನ್ನಡಿಯಂತೆ ನಿಶ್ಚಲವಾಗಿದ್ದರೆ ಬಿಂಬ ಮನೆಯಷ್ಟೇ ಇರುತ್ತದೆ. ಸಣ್ಣ ಅಲೆಯಿದ್ದರೆ ನೋಡುವವನ ಕಡೆಗೆ ಉದ್ದವಾಗಿ ಹರಿಯುತ್ತದೆ. ಮರೀನ್ ಡ್ರೈವಿನ ಕಟ್ಟೆಯ ಮೇಲೆ ರಾತ್ರಿ ಕುಳಿತವರೆಲ್ಲ ದೀಪಗಳು ಹೀಗೆ ನೀರಿನಲ್ಲಿ ತಮ್ಮ ಕಡೆಗೇ ಉದ್ದಕ್ಕೆ ಚಾಚಿ ಬರುವುದನ್ನು ಕಂಡಿದ್ದಾರೆ. ಪ್ರತಿಯೊಬ್ಬನಿಗೂ ಅದು ತನ್ನ ಕಡೆಗೇ ಬರುತ್ತದೆ. ಗರ್ಟಿನ್ ಆ ಬಿಂಬದಿಂದ ಆಚೆಯ ದಡವನ್ನು ಈಚೆಯ ದಡದಲ್ಲಿ ನಿಂತ ನಮಗೆ ಗಂಟು ಹಾಕಿದ್ದಾನೆ.

ಅವನು ಬಿಟ್ಟುದು ಬಿಳಿಯನ್ನು ಮಾತ್ರವಲ್ಲ. ಆ ಕಾಲದ ನಿಸರ್ಗಚಿತ್ರಗಳಲ್ಲಿ ಎರಡು ಪಕ್ಕದಲ್ಲಿ ನಾಟಕದ ಪರದೆಯಂತೆ ಮರಗಳು, ಮುಂದೆ ದನ ಮೇಯಿಸುವ ಹುಡುಗ, ಇವೆಲ್ಲ ಪದ್ಧತಿಯಂತೆ ಇರಬೇಕು. ಇಲ್ಲಿ ಒಂದೂ ಇಲ್ಲ. ಎರಡು ಕಡೆಯೂ ನದಿ ತೆರೆದುಕೊಂಡು ಹೋಗುತ್ತದೆ. ಬೇಡವೆಂದುದನ್ನೆಲ್ಲ ಬಿಟ್ಟುದರಿಂದಲೇ ಬೇಕೆಂದುದಕ್ಕೆ ಸ್ಥಳ ಸಿಕ್ಕಿತು.

ನಮ್ಮವರೇ ಆದ ಕೆ. ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಇಲ್ಲಿ ಸ್ಮರಿಸಬೇಕು. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿ, ಈ ನಗರಕ್ಕೆ ಬಂದು ಜೆ. ಜೆ. ಕಲಾಶಾಲೆಯಲ್ಲಿ ಕಲಿತು, 1996ರಲ್ಲಿ ಇಲ್ಲಿಯೇ ಕಣ್ಣು ಮುಚ್ಚಿದವರು ಅವರು. ನರ್ತಕಿಯ ಇಡೀ ದೇಹದ ಲಯವನ್ನು ಕೆಲವೇ ಗೆರೆಗಳಲ್ಲಿ ಹಿಡಿಯುತ್ತಿದ್ದರು. ಮಿಕ್ಕುದೆಲ್ಲ ಕಾಗದ. ಮಾಧ್ಯಮ ಬೇರೆ, ದೇಶ ಬೇರೆ. ಕಾಗದದ ಮೇಲಿನ ವಿಶ್ವಾಸ ಒಂದೇ.

ಇನ್ನೊಂದು ಸಂಗತಿ. ಗರ್ಟಿನ್ ತನ್ನ ಚಿತ್ರಗಳಲ್ಲಿ ನೀಲಿಗಿಡದಿಂದ ತೆಗೆದ ನೀಲಿಯನ್ನು ಬಳಸುತ್ತಿದ್ದ. ಆ ನೀಲಿ ಬೆಳಕಿಗೆ ನಿಲ್ಲುವುದಿಲ್ಲ. ಅವನ ಎಷ್ಟೋ ಚಿತ್ರಗಳಲ್ಲಿ ನೀಲಿ ಮಾಸಿ, ಅದರೊಡನೆ ಬೆರೆಸಿದ ಕೆಂಪು ಮಾತ್ರ ಉಳಿದು, ಬೂದು ಮೋಡಗಳೆಲ್ಲ ಕೆಂಪೇರಿವೆ. ಆದ್ದರಿಂದಲೇ ವಸ್ತುಸಂಗ್ರಹಾಲಯಗಳಲ್ಲಿ ಜಲವರ್ಣಗಳನ್ನು ಮಂದ ಬೆಳಕಿನಲ್ಲಿ, ಕೆಲವು ಕಾಲ ಮಾತ್ರ ತೂಗುಹಾಕಿ ಮತ್ತೆ ಪೆಟ್ಟಿಗೆಯಲ್ಲಿರಿಸುತ್ತಾರೆ. ಮನೆಯಲ್ಲಿ ಮಕ್ಕಳ ಚಿತ್ರಗಳನ್ನು ಕಿಟಕಿಯ ಬಿಸಿಲಿಗೆ ಎದುರಾಗಿ ಅಂಟಿಸುವ ತಂದೆತಾಯಿಯರು ಇದನ್ನು ನೆನಪಿಡಬೇಕು.

ಚಿತ್ರದಲ್ಲಿರುವ ಸ್ಥಳದ ಗತಿಯೇನಾಯಿತು? ಗಾಳಿಗಿರಣಿ ಹೋಯಿತು. ಮರದ ಸೇತುವೆಯನ್ನು ಕಿತ್ತು 1890ರಲ್ಲಿ ಹೊಸ ಸೇತುವೆ ತೆರೆದರು. ಇಗರ್ಜಿ 1941ರಲ್ಲಿ ಬಾಂಬಿಗೆ ಸಿಕ್ಕಿ ಉರುಳಿತು. ಆಮೇಲೆ ಮತ್ತೆ ಕಟ್ಟಿದರು. ಬಿಳಿಯ ಮನೆಯೂ ಇಲ್ಲ. ಆ ದಡದಲ್ಲಿ 1858ರಲ್ಲಿ ತೆರೆದ ಬ್ಯಾಟರ್ಸಿಯ ಉದ್ಯಾನವಿದೆ. ಆ ಮನೆಯಲ್ಲಿ ಯಾರಿದ್ದರು, ಅದರ ಗೋಡೆಗೆ ಎಷ್ಟು ವರ್ಷಕ್ಕೊಮ್ಮೆ ಸುಣ್ಣ ಬೀಳುತ್ತಿತ್ತು, ಚಿತ್ರ ಹೇಳುವುದಿಲ್ಲ. ಬಣ್ಣ ಹಚ್ಚದೆ ಉಳಿಸಿದ ಎರಡು ಚೂರು ಕಾಗದದಲ್ಲಿ ಒಂದು ಸಂಜೆಯ ಬೆಳಕು ಇನ್ನೂ ಇದೆ.

ಮಹನೀಯರೆ, ನಾವು ಊರು ಬಿಟ್ಟು ಬಂದವರು. ನಮ್ಮಲ್ಲಿ ಎಷ್ಟೋ ಜನರ ಅಜ್ಜನ ಮನೆ ಮಾರಿಹೋಗಿದೆ, ಇಲ್ಲವೆ ಬಿದ್ದುಹೋಗಿದೆ. ಮಕ್ಕಳು ಅದನ್ನು ರಜೆಯಲ್ಲಿ ಹದಿನೈದು ದಿನ ಕಂಡಿದ್ದರೆ ಹೆಚ್ಚು. ‘ನಮ್ಮ ಊರು’ ಎಂದು ಬರೆಯಲು ಹೇಳಿದರೆ ಬಹುಮಂದಿ ಮಕ್ಕಳು ಪುಸ್ತಕದಲ್ಲಿ ಕಂಡ ಊರನ್ನು ಬರೆಯುತ್ತಾರೆ, ಎಲ್ಲವನ್ನೂ ತುಂಬುತ್ತಾರೆ, ಏಕೆಂದರೆ ಕಾಗದ ಖಾಲಿ ಬಿಡಬೇಡ ಎಂದು ಹೇಳಿಕೊಟ್ಟವರು ನಾವೇ. ಒಬ್ಬ ಹುಡುಗಿ ಮಾತ್ರ ತಾನು ಕಣ್ಣಾರೆ ಕಂಡುದನ್ನು ಬರೆದಳು. ಕತ್ತಲಾಗುವ ಹೊತ್ತಿಗೆ ಕೆರೆಯ ಏರಿಯ ಮೇಲೆ ನಿಂತರೆ, ಗುಡ್ಡ, ಮರ, ದಾರಿ ಎಲ್ಲ ಅಳಿಸಿಹೋದ ಮೇಲೂ ಸುಣ್ಣ ಬಳಿದ ಗೋಡೆಯೊಂದು ಕೊಂಚ ಹೊತ್ತು ಕಾಣುತ್ತಲೇ ಇರುತ್ತದೆ. ಹಳ್ಳಿಯಲ್ಲಿ ಬೆಳೆದ ನಮಗೆ ಅದು ಗೊತ್ತಿತ್ತು; ನಾವು ಮರೆತಿದ್ದೆವು; ಇಲ್ಲಿ ಹುಟ್ಟಿ ಬೆಳೆದ ಹುಡುಗಿ ನೆನಪಿಟ್ಟಿದ್ದಳು. ಅದನ್ನು ನಾವು ‘ಅಪೂರ್ಣ’ ಎಂದೆವು.

ಚಿತ್ರ ನೋಡುವುದನ್ನು ಕಲಿಯಲು ಹಣ ಬೇಕಿಲ್ಲ. ಕಾಲಾ ಘೋಡಾದಲ್ಲಿ 1952ರಿಂದ ಜಹಾಂಗೀರ್ ಕಲಾಶಾಲೆಯ ಬಾಗಿಲು ತೆರೆದಿದೆ. ಒಳಗೆ ಹೋಗುವುದಕ್ಕೆ ಶುಲ್ಕವಿಲ್ಲ. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋಗಿ. ಹತ್ತಾರು ಚಿತ್ರಗಳ ಮುಂದೆ ಅವಸರದಿಂದ ನಡೆಯುವ ಬದಲು ಒಂದೇ ಚಿತ್ರದ ಮುಂದೆ ಐದು ನಿಮಿಷ ನಿಲ್ಲಿ. ಯಾವ ಊರು, ಯಾವ ಮರ, ಬೆಲೆ ಎಷ್ಟು ಎಂದು ಕೇಳುವ ಮುನ್ನ ಮೂರು ಸಂಗತಿಗಳನ್ನು ನೋಡಿ. ಬೆಳಕು ಎಲ್ಲಿದೆ, ಅದು ಹಚ್ಚಿದುದೊ ಉಳಿಸಿದುದೊ? ಯಾವ ಅಂಚು ಖಚಿತ, ಯಾವುದು ಮೆದು? ಯಾವುದನ್ನು ಬೆರಳಿನಿಂದ ಮುಚ್ಚಿದರೆ ಚಿತ್ರ ಆರಿಹೋಗುತ್ತದೆ? ದೊಡ್ಡ ಹೆಸರುಗಳೊಂದೂ ಗೊತ್ತಿಲ್ಲದೆ ಇದ್ದರೂ ಈ ಮೂರು ಪ್ರಶ್ನೆಗಳಿಂದ ಬಹಳ ದೂರ ಹೋಗಬಹುದು.

ಕಡೆಯದಾಗಿ ನಮ್ಮ ತಪ್ಪಿನ ಮಾತು. ಕೊಟ್ಟ ಬಹುಮಾನವನ್ನು ಹಿಂದಕ್ಕೆ ಪಡೆಯುವುದು ನ್ಯಾಯವಲ್ಲ. ಪಡೆದ ಮಗುವಿನ ತಪ್ಪೇನೂ ಇಲ್ಲ. ಆ ಹುಡುಗಿಯ ಮನೆಗೆ ಹೋಗಿ ಚಿತ್ರವನ್ನು ಕೇಳಿದೆವು. ಅವಳ ತಾಯಿ ಅದನ್ನು ಸೀರೆಗಳ ಮಡಿಕೆಯಲ್ಲಿ ಇರಿಸಿದ್ದರು. ನಾವು ಬರೆದ ಚೀಟಿಯೂ ಅದರ ಜೊತೆಗೇ ಇತ್ತು. ಚೀಟಿಯನ್ನು ಅಲ್ಲಿಯೇ ಹರಿದು ಹಾಕಿ, ಹುಡುಗಿಯ ಎದುರಿನಲ್ಲಿ ತಪ್ಪಾಯಿತು ಎಂದು ಹೇಳಿ ಬಂದೆವು. ಅವಳು ಏನೂ ಹೇಳಲಿಲ್ಲ. ಆದರೆ ಚಿತ್ರವನ್ನು ಕೊಟ್ಟಳು. ಅದನ್ನು ಈ ಸಭಾಂಗಣದ ಬಾಗಿಲ ಪಕ್ಕದಲ್ಲಿ, ಬಿಸಿಲು ಬೀಳದ ಗೋಡೆಯ ಮೇಲೆ ತೂಗುಹಾಕಿದ್ದೇವೆ. ಉಪಾಹಾರಕ್ಕೆ ಹೋಗುವ ದಾರಿಯಲ್ಲಿಯೇ ಇದೆ. ಹೋಗುವಾಗ ಒಂದು ಗಳಿಗೆ ನಿಂತು, ಹೆಬ್ಬೆರಳಿನಿಂದ ಆ ಮನೆಯನ್ನು ಮುಚ್ಚಿ, ಮತ್ತೆ ತೆರೆದು ನೋಡಬೇಕೆಂದು ತಮ್ಮೆಲ್ಲರಲ್ಲಿ ನಮ್ಮ ವಿನಂತಿ.